ನಿಂತ ನೀರು ಮತ್ತು ಕೋಲ್ಡ್ ಏರ್ ಇನ್‌ಟೇಕ್: ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನದು 1.2 ಲೀಟರ್ ಪೆಟ್ರೋಲ್ ಕಾರು. ಕೋಲ್ಡ್ ಏರ್ ಇನ್‌ಟೇಕ್, ಅಂದರೆ ಎಂಜಿನ್‌ಗೆ ಹೊರಗಿನ ತಂಪು ಗಾಳಿ ತರುವ ಪೈಪು-ಫಿಲ್ಟರ್ ಕಿಟ್, ಹಾಕಿಸಬೇಕೆಂದಿದ್ದೇನೆ. ಫಿಲ್ಟರ್ ಬಂಪರ್ ಹಿಂದೆ, ಫಾಗ್ ಲ್ಯಾಂಪ್ ಪಕ್ಕಕ್ಕೆ ಬರುತ್ತದಂತೆ. ಮಳೆಗಾಲದಲ್ಲಿ ತೊಂದರೆಯಾಗುವುದಿಲ್ಲವೇ?
– ಓದುಗರು, ಮಂಗಳೂರು

ಉತ್ತರ: ಸುರಿಯುವ ಮಳೆಗೆ ಹೆದರಬೇಕಿಲ್ಲ. ಫಿಲ್ಟರ್ ದಾಟಿ ಬರುವ ಅಲ್ಪಸ್ವಲ್ಪ ತೇವ ಎಂಜಿನ್ನಿನ ಬಿಸಿಗೆ ಆವಿಯಾಗಿ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಅಪಾಯವಿರುವುದು ನಿಂತ ನೀರಿನಲ್ಲಿ. ಫಿಲ್ಟರ್ ಮುಳುಗಿದ ಕ್ಷಣದಿಂದ ಎಂಜಿನ್ ಗಾಳಿಯ ಬದಲು ನೀರನ್ನೇ ಎಳೆಯುತ್ತದೆ.

ಎಷ್ಟು ನೀರು ಸಾಕು ಎಂದು ಲೆಕ್ಕ ಹಾಕಿ ನೋಡಿ. 1197 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ ಸುಮಾರು 299 ಸಿಸಿ. ಕಂಪ್ರೆಷನ್ ಅನುಪಾತ (ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಲೆಕ್ಕ) 11:1 ಇದ್ದರೆ, ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಸುಮಾರು 30 ಮಿಲಿ. ಅಂದರೆ ಎರಡು ದೊಡ್ಡ ಚಮಚ. ಅದಕ್ಕಿಂತ ಹೆಚ್ಚು ನೀರು ಹೊಕ್ಕರೆ ಪಿಸ್ಟನ್ ಮೇಲೆ ಬರಲು ಜಾಗವೇ ಇಲ್ಲ. ಗಾಳಿಯಂತೆ ನೀರು ಅದುಮಿಸಿಕೊಳ್ಳುವುದಿಲ್ಲ, ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದೇ ಹೈಡ್ರೋಲಾಕ್.

ಕಾರಿನ ಜೊತೆಗೇ ಬರುವ ಕಂಪನಿಯ ಏರ್ ಬಾಕ್ಸ್ (ಫಿಲ್ಟರ್ ಇರುವ ಪೆಟ್ಟಿಗೆ) ಸಾಮಾನ್ಯವಾಗಿ ಬಾನೆಟ್ ಕೆಳಗೆ, ರೇಡಿಯೇಟರ್ ಮೇಲ್ಭಾಗದ ಎತ್ತರದಿಂದ ಗಾಳಿ ತೆಗೆದುಕೊಳ್ಳುವುದು ಇದೇ ಕಾರಣಕ್ಕೆ. ನಿಮಗೆ ಹೇಳಿರುವ ಜಾಗದಲ್ಲಿ ಆ ಎತ್ತರವೇ ಹೋಗಿಬಿಡುತ್ತದೆ. ಹಾಕಿಸುವ ಮೊದಲು ಫಿಲ್ಟರ್‌ನ ತಳ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಟೇಪ್ ಹಿಡಿದು ಅಳೆಯಿಸಿ. 30 ಸೆಂ.ಮೀ. ಎಂದಾದರೆ 30 ಸೆಂ.ಮೀ. ನೀರಿಗೆ ಇಳಿಯಬಹುದು ಎಂದುಕೊಳ್ಳಬೇಡಿ: ಕಾರು ಚಲಿಸುವಾಗ ಮುಂದೆ ಅಲೆ ಏಳುತ್ತದೆ, ಎದುರಿನಿಂದ ಬಂದ ಬಸ್ಸು ಇನ್ನೊಂದು ಅಲೆ ತಳ್ಳುತ್ತದೆ.

ನೀರು ತಡೆಯುವ ಬಟ್ಟೆಯ ಕವರ್ ಎರಚಲಿಗೆ ಸರಿ, ಮುಳುಗಿದರೆ ಪ್ರಯೋಜನವಿಲ್ಲ. ಬೈಪಾಸ್ ವಾಲ್ವ್ ಹೆಚ್ಚು ಉಪಯುಕ್ತ. ಪೈಪಿನ ಎತ್ತರದ ಭಾಗದಲ್ಲಿ, ಫಿಲ್ಟರ್ ಮತ್ತು ಥ್ರಾಟಲ್ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಬಾಗಿಲು) ನಡುವೆ ಕೂರುವ ಇದು, ಫಿಲ್ಟರ್ ಮುಚ್ಚಿಹೋಗಿ ಒಳಗಿನ ಸೆಳೆತ ಹೆಚ್ಚಾದಾಗ ತೆರೆದುಕೊಂಡು ಮೇಲಿನಿಂದ ಗಾಳಿ ಬಿಡುತ್ತದೆ. ನೀರನ್ನು ಮೇಲೆತ್ತುವಷ್ಟು ಸೆಳೆತ ಉಳಿಯುವುದಿಲ್ಲ. ಟರ್ಬೊ ಎಂಜಿನ್‌ಗೆ ಇದನ್ನು ಹಾಕಬಾರದು. ವಾಲ್ವ್ ಕೂಡ ನೀರಿಗೆ ಸಿಕ್ಕರೆ ಅದರಿಂದ ಪ್ರಯೋಜನವಿಲ್ಲ.

ಕರಾವಳಿಯವರಿಗೆ ನಮ್ಮ ಸಲಹೆ: ಫಿಲ್ಟರನ್ನು ಬಾನೆಟ್ ಒಳಗೇ ಇಡುವ ಗಿಡ್ಡ ಪೈಪಿನ ಕಿಟ್ ಆರಿಸಿ, ಬಿಸಿ ತಡೆಗೆ ಶೀಲ್ಡ್ ಹಾಕಿಸಿ. ಉದ್ದ ಪೈಪಿನದೇ ಬೇಕೆಂದರೆ ಹಳೆಯ ಏರ್ ಬಾಕ್ಸ್, ಕ್ಲಿಪ್ಪು, ಹೋಸುಗಳನ್ನು ಎಸೆಯಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನೇ ಮರಳಿ ಕೂರಿಸಿ.

ಪ್ರಶ್ನೆ: ಇಂಥದೇ ಕಿಟ್ ಇರುವ ನನ್ನ ಪೆಟ್ರೋಲ್ ಕಾರು ಅಂಡರ್‌ಪಾಸ್ ನೀರಿನಲ್ಲಿ ನಿಂತುಹೋಯಿತು. ಎರಡು ಸಲ ಸೆಲ್ಫ್ ಹೊಡೆದೆ, ತಿರುಗಲಿಲ್ಲ. ಮರುದಿನ ಸ್ಟಾರ್ಟ್ ಆಯಿತು, ಆದರೆ ನಡುಕ, ಟಕ್ ಟಕ್ ಸದ್ದು ಇದೆ.
– ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ಇನ್ನು ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ರಾಡ್ ಬಾಗಿರುವ ಸಾಧ್ಯತೆ ಹೆಚ್ಚು. ಅದು ಓಡುವಾಗ ತುಂಡಾದರೆ ಬ್ಲಾಕ್‌ಗೇ ತೂತು ಬೀಳುತ್ತದೆ. ಟೋ ಮಾಡಿಸಿ, ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಬಾಗಿದ ರಾಡ್ ಗಿಡ್ಡವಾಗುವುದರಿಂದ ಪಿಸ್ಟನ್ ಪೂರ್ತಿ ಮೇಲೆ ಬರುವುದಿಲ್ಲ, ಆ ಸಿಲಿಂಡರ್ ಉಳಿದವಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. ಪ್ಲಗ್ ತೂತಿನಿಂದ ಪ್ರತಿ ಪಿಸ್ಟನ್ನಿನ ಎತ್ತರ ಅಳೆದರೆ ಖಚಿತವಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಎಂಜಿನ್ ತಳದ ಆಯಿಲ್ ತೊಟ್ಟಿಗೂ (ಸಂಪ್) ಇಳಿದಿದೆ.

ನೀರಿನಲ್ಲಿ ಎಂಜಿನ್ ನಿಂತಾಗ ಸೆಲ್ಫ್ ಹೊಡೆಯಲೇಬಾರದು. ನಿಧಾನ ವೇಗದಲ್ಲಿ ನಿಂತ ಎಂಜಿನ್ ಅನೇಕ ಸಲ ಏನೂ ಆಗದೆ ಉಳಿದಿರುತ್ತದೆ, ಅದನ್ನು ಕೆಡಿಸುವುದು ಆಮೇಲಿನ ಸೆಲ್ಫ್. ಇಗ್ನಿಷನ್ ಆಫ್ ಮಾಡಿ, ಹೊರಗೆ ತಳ್ಳಿಸಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಫಿಲ್ಟರ್ ಒಳಭಾಗ ಒದ್ದೆಯಿದ್ದರೆ ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿಸಿ, ಎಂಜಿನ್ ತಿರುಗಿಸುವ ಗಾಲಿಯಾದ ಕ್ರ್ಯಾಂಕ್ ಪುಲ್ಲಿಯನ್ನು ಮೊದಲು ಕೈಯಲ್ಲೇ ತಿರುಗಿಸಿ ನೀರು ಹೊರಹಾಕಿಸಬೇಕು. ಆಮೇಲೆ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಬೇಕು.

ಪ್ರಶ್ನೆ: ವಿಮೆ ಸಿಗುತ್ತದೆಯೇ?

ಉತ್ತರ: 'ಎಂಜಿನ್ ಪ್ರೊಟೆಕ್ಟ್' ಆ್ಯಡ್-ಆನ್ ಇಲ್ಲದಿದ್ದರೆ ಹೈಡ್ರೋಲಾಕ್ ಹಾನಿಗೆ ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ. ಆ್ಯಡ್-ಆನ್ ಇದ್ದರೂ ಇನ್‌ಟೇಕ್ ಬದಲಿಸಿದ್ದನ್ನು ವಿಮಾ ಕಂಪನಿಗೆ ಮೊದಲೇ ಲಿಖಿತವಾಗಿ ತಿಳಿಸಿರಬೇಕು. ಇಲ್ಲವಾದರೆ ಸರ್ವೇಯರ್ ಬಾನೆಟ್ ಎತ್ತಿದ ಕೂಡಲೇ ಕ್ಲೇಮ್ ತಕರಾರಿಗೆ ಬೀಳುತ್ತದೆ.