ಮಾರುತಿ 800ಕ್ಕೆ ಡ್ಯೂಕ್ 390 ಎಂಜಿನ್ ಕೂರಿಸಬಹುದೇ?

ಕೆಟ್ಟು ನಿಂತ ಮಾರುತಿ 800 ಇದೆ, ಆಕ್ಸಿಡೆಂಟ್ ಆದ ಕೆಟಿಎಂ ಡ್ಯೂಕ್ 390 ಬೈಕ್ ಅಗ್ಗಕ್ಕೆ ಸಿಗುತ್ತಿದೆ, ಪವರ್ ಹೆಚ್ಚುಕಮ್ಮಿ ಒಂದೇ, ಅದನ್ನೇ ಕೂರಿಸಿದರೆ ಹೇಗೆ ಅಂತ ಕೇಳಿದ್ದೀರಿ.

ಕೂರಿಸಬಹುದು, ಆದರೆ ರಸ್ತೆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಯನ್ನು ಒಪ್ಪುವುದಿಲ್ಲ. ತೋಟದೊಳಗೋ ಟ್ರ್ಯಾಕ್‌ನಲ್ಲೋ ಓಡಿಸುವ ಗಾಡಿ ಅಂದುಕೊಂಡೇ ಶುರುಮಾಡಿ.

ಪವರ್ ಅಂಕಿ ನೋಡಿ ಮೋಸಹೋಗಬೇಡಿ. 800ರದ್ದು 37 ಬಿಎಚ್‌ಪಿ, ಹಳೇ ಡ್ಯೂಕ್‌ದು 43ರ ಆಸುಪಾಸು, ಸರಿ. ಆದರೆ 800ರ 59 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) 2500 ಆರ್‌ಪಿಎಂಗೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸಲ) ಸಿಗುತ್ತದೆ. ಡ್ಯೂಕ್‌ನ 35 ಎನ್‌ಎಂಗೆ 7000 ದಾಟಬೇಕು. 650 ಕೆ.ಜಿ. ಕಾರನ್ನು ನಿಂತಲ್ಲಿಂದ ಎಳೆಯುವಾಗ ಕ್ಲಚ್ ಪ್ಲೇಟ್ ಸುಡುವುದು ಇದಕ್ಕೇ. ಮದ್ದು ಗೇರಿಂಗ್‌ನಲ್ಲಿದೆ. ಬೈಕಿನ 15:45 ಸ್ಪ್ರಾಕೆಟ್ (ಚೈನ್ ಓಡುವ ಹಲ್ಲುಚಕ್ರ; ಎಂಜಿನ್ ಕಡೆಯದಕ್ಕೆ 15 ಹಲ್ಲು, ಹಿಂದಿನದಕ್ಕೆ 45) ಬಿಟ್ಟು 14:56 ಹಾಕಿ. 12 ಇಂಚಿನ ಚಕ್ರಕ್ಕೆ 9000 ಆರ್‌ಪಿಎಂನಲ್ಲಿ ಫಸ್ಟ್ ಗೇರಿಗೆ ಸುಮಾರು 30 ಕಿ.ಮೀ., ಆರನೇ ಗೇರಿಗೆ 95 ಕಿ.ಮೀ. ವೇಗ ಬರುತ್ತದೆ. 56 ಹಲ್ಲಿನ ಸ್ಪ್ರಾಕೆಟ್ ಅಂದರೆ 28 ಸೆಂ.ಮೀ. ಅಗಲ, ನೆಲಕ್ಕೆ 11 ಸೆಂ.ಮೀ. ಮಾತ್ರ ಉಳಿಯುತ್ತದೆ, ಕೆಳಗೊಂದು ದಪ್ಪ ತಗಡು ಬೇಕೇಬೇಕು.

ಎಂಜಿನ್ ಹಿಂದಿನ ಸೀಟಿನ ಜಾಗಕ್ಕೆ ಬರಲಿ, ಬೈಕಿನಲ್ಲಿ ಇದ್ದ ಹಾಗೇ ಮುಂದಕ್ಕೆ ಮುಖಮಾಡಿ. ಜಾಗ ಸಾಲದೆಂದು ತಿರುಗಿಸಿ ಕೂರಿಸಿದರೆ ಆರು ಗೇರೂ ರಿವರ್ಸ್! ಕಾರಿನ ಮುಂದಿನ ಡ್ರೈವ್‌ಶಾಫ್ಟ್ (ಚಕ್ರಕ್ಕೆ ಶಕ್ತಿ ಒಯ್ಯುವ ದಂಡ), ನಕಲ್ (ಚಕ್ರವನ್ನು ಹಿಡಿದು ತಿರುಗಿಸುವ ಭಾಗ), ಹಬ್ ಎಲ್ಲ ಬಿಚ್ಚಿ ಹಿಂದಕ್ಕೆ ತನ್ನಿ. ನಕಲ್‌ನ ಸ್ಟೀರಿಂಗ್ ಆರ್ಮ್‌ಗೆ ಟೈ ರಾಡ್ (ಹಿಡಿದಿಡುವ ಸರಳು) ಹಾಕಿ ಸಬ್‌ಫ್ರೇಮ್‌ಗೆ (ಎಂಜಿನ್ ಹೊರುವ ಚೌಕಟ್ಟು) ಬಿಗಿಯದಿದ್ದರೆ ಹಿಂದಿನ ಚಕ್ರ ತಾನೇ ತಿರುಗಲು ಶುರುಮಾಡುತ್ತದೆ. ಕಾರಿನ ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಜೋಡಣೆ) ಹೊರತೆಗೆದು, ರಿಂಗ್ ಗೇರ್ ಬೋಲ್ಟ್ ಆಗುತ್ತಿದ್ದ ಜಾಗಕ್ಕೆ ಲೇತ್‌ನಲ್ಲಿ ಅಡಾಪ್ಟರ್ ಮಾಡಿಸಿ 56 ಹಲ್ಲಿನ ಸ್ಪ್ರಾಕೆಟ್ ಕೂರಿಸಿ, ಎಂಜಿನ್‌ನಿಂದ ಬರುವ ಚೈನ್ ಅದಕ್ಕೆ. ಡಿಫರೆನ್ಷಿಯಲ್‌ಗೆ ಎಣ್ಣೆ ನಿಲ್ಲುವಂತೆ ಸೀಲ್ ಇರುವ ಡಬ್ಬಿ ಬೇಕು. ಎಂಜಿನ್, ಡಿಫರೆನ್ಷಿಯಲ್ ಎರಡೂ ಒಂದೇ ಸಬ್‌ಫ್ರೇಮ್‌ನಲ್ಲಿರಲಿ. ಎಂಜಿನ್ ರಬ್ಬರ್ ಮೌಂಟ್ ಮೇಲೆ, ಡಿಫರೆನ್ಷಿಯಲ್ ಕಾರಿನ ಬಾಡಿ ಮೇಲೆ ಅಂತ ಬೇರೆಬೇರೆ ಕೂರಿಸಿದರೆ ಚೈನ್ ಹಾರುವುದು ಖಂಡಿತ, ಅದೂ ನಿಮ್ಮ ಬೆನ್ನ ಹಿಂದೆ. 3 ಮಿ.ಮೀ. ಸ್ಟೀಲ್ ಗಾರ್ಡ್ ತಪ್ಪಿಸಬೇಡಿ.

ಇಂಥ ಗಾಡಿಗಳಲ್ಲಿ ಎಂಜಿನ್ ಸಾಯುವುದು ಹೆಚ್ಚಾಗಿ ಆಯಿಲ್ ಸಿಗದೆ. ಬೈಕ್ ತಿರುವಿನಲ್ಲಿ ವಾಲುವುದರಿಂದ ಆಯಿಲ್ ತಳದಲ್ಲೇ ಇರುತ್ತದೆ. ಕಾರು ವಾಲುವುದಿಲ್ಲ, ಆಯಿಲ್ ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಬೇರಿಂಗ್ ಜಾಮ್. ಪಿಕಪ್ (ಪಂಪ್ ಆಯಿಲ್ ಎಳೆಯುವ ಬಾಯಿ) ಸುತ್ತ ಆಯಿಲ್ ಸರಿಯದಂತೆ ತಡೆಯುವ ಬ್ಯಾಫಲ್ ತಗಡು ಹಾಕಿ, ಲೆವೆಲ್ ಮೇಲಿನ ಗುರುತಿನಲ್ಲೇ ಇಡಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ, ಬೈಕಿನ ಕ್ಲಚ್‌ಗೆ ಹೊಂದುವ ಜಾಸೋ ಎಂಎ ದರ್ಜೆಯದೇ ಬೇಕು.

ವೈರಿಂಗ್ ತುಂಡು ಮಾಡದೆ ಬೈಕಿನದನ್ನು ಇಡಿಯಾಗಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಮೇತ ತನ್ನಿ. ಗಾಡಿ ಬಿದ್ದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಬೈಕಿನಲ್ಲಿ ಹೇಗಿತ್ತೋ ಹಾಗೇ ನೆಟ್ಟಗೆ ಇರಲಿ, ಅಡ್ಡ ಹಾಕಿದರೆ ಸ್ಟಾರ್ಟೇ ಆಗದು.

ಇನ್ನು ಬೈಕಿನ ಗೇರ್‌ಬಾಕ್ಸ್‌ನಲ್ಲಿ ಇಲ್ಲದ ರಿವರ್ಸ್. ಸ್ಟಾರ್ಟರ್ ಮೋಟರ್‌ನಿಂದ ಡಿಫರೆನ್ಷಿಯಲ್ ತಿರುಗಿಸುವ ಉಪಾಯವಿದೆ, ಆದರೆ ಒಮ್ಮೆಗೆ ಕೆಲವೇ ಸೆಕೆಂಡ್ ಓಡಿಸಿ, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ವೇಗ ಬೇಡ, ತೋಟದಲ್ಲಿ ಓಡಿದರೆ ಸಾಕು ಅನ್ನುವುದಾದರೆ ಆಟೊರಿಕ್ಷಾ ಎಂಜಿನ್ ನೋಡಿ. ರಿವರ್ಸ್, ಡಿಫರೆನ್ಷಿಯಲ್ ಎರಡೂ ಅದರಲ್ಲೇ ಇವೆ.