ಸನ್‌ಸ್ಕ್ರೀನ್ ಹಚ್ಚಿದ್ರೂ ಕೈ ಯಾಕೆ ಕಪ್ಪಾಗುತ್ತೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬಿಸಿಲು, ಬೈಕು, ಮುಖ ಕಪ್ಪಾಗೋದು ಇದರ ಸುತ್ತಾನೇ ಇದ್ವು. ಹಾಗಾಗಿ ಮಿಕ್ಕಿದ್ದನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವತ್ತು ಇದನ್ನೇ ನೋಡೋಣ.

ಪ್ರಶ್ನೆ: ಸಾರ್, ನಾನು ವೀಕೆಂಡ್ ರೈಡರ್. ಬೆಳಗ್ಗೆ ಹೊರಟ್ರೆ ಸಂಜೆವರೆಗೂ ಬೈಕ್ ಮೇಲೇ ಇರ್ತೀನಿ. ಎಸ್‌ಪಿಎಫ್ 50 ಇರೋ ಸನ್‌ಸ್ಕ್ರೀನ್ ಹಚ್ತೀನಿ, 50 ಗ್ರಾಂ ಟ್ಯೂಬು, ತಗೊಂಡು ಆರು ತಿಂಗಳಾಯ್ತು ಇನ್ನೂ ಬರ್ತಾ ಇದೆ. ಆದ್ರೂ ಮುಂಗೈ, ಕುತ್ತಿಗೆ ಹಿಂದೆ ಎಲ್ಲ ಕಪ್ಪಾಗಿ ಉರಿ ಬರುತ್ತೆ. ಎಸ್‌ಪಿಎಫ್ 100 ತಗೋಬೇಕಾ? ಯಾವುದು ತಗೊಂಡ್ರೆ ನಿಜವಾಗ್ಲೂ ಕೆಲಸ ಮಾಡುತ್ತೆ?

ಉತ್ತರ: ಆರು ತಿಂಗಳಾದ್ರೂ ಟ್ಯೂಬ್ ಮುಗಿದಿಲ್ಲ ಅಂತ ಬರ್ದಿದೀರಲ್ಲ, ನಿಮ್ಮ ಸಮಸ್ಯೆ ಅಲ್ಲೇ ಇದೆ. ಡಬ್ಬದ ಮೇಲಿರೋ ಎಸ್‌ಪಿಎಫ್ ನಂಬರನ್ನ, ಅಂದ್ರೆ ಬಿಸಿಲಿಗೆ ಚರ್ಮ ಸುಡದ ಹಾಗೆ ಎಷ್ಟು ಕಾಪಾಡುತ್ತೆ ಅನ್ನೋ ಅಳತೆಯನ್ನ, ಲ್ಯಾಬ್‌ನಲ್ಲಿ ನೋಡೋವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಹಚ್ತಾರೆ. ಅದು ನೋಡೋಕೆ ಜಾಸ್ತಿನೇ ಅನ್ಸುತ್ತೆ, ಜನ ಮಾಮೂಲಾಗಿ ಹಚ್ಕೊಳ್ಳೋದು ಅದರ ಅರ್ಧ, ಎಷ್ಟೋ ಸಲ ಕಾಲು ಭಾಗ. ಈಗ ನಿಮ್ಮ ಲೆಕ್ಕ ಹಾಕೋಣ. ಮುಖ, ಕಿವಿ, ಕುತ್ತಿಗೆ ಸೇರಿ ಸುಮಾರು ಒಂದೂವರೆ ಗ್ರಾಂ ಬೇಕು, ಎರಡು ಮುಂಗೈ ಮತ್ತೆ ಹಸ್ತದ ಮೇಲ್ಭಾಗಕ್ಕೆ ಇನ್ನೊಂದು ಮೂರು ಗ್ರಾಂ, ಒಟ್ಟು ನಾಲ್ಕೂವರೆ. ಎರಡು ಗಂಟೆಗೊಂದ್ಸಲ ಮತ್ತೆ ಹಚ್ಬೇಕು ಅನ್ನೋದು ಎಲ್ಲಾ ಡಬ್ಬದ ಹಿಂದೆನೂ ಬರ್ದಿರುತ್ತೆ, ಬೆಳಗ್ಗೆಯಿಂದ ಸಂಜೆವರೆಗೆ ನಾಲ್ಕು ಸಲ ಅಂದ್ರೂ 18 ಗ್ರಾಂ ಆಯ್ತು. ಅಂದ್ರೆ ನಿಮ್ಮ ಟ್ಯೂಬು ಮೂರು ರೈಡ್‌ಗೇ ಸಾಲಬಾರದು! ಅದನ್ನ ಆರು ತಿಂಗಳು ಓಡಿಸಿದೀರ ಅಂದ್ರೆ ತೆಳ್ಳಗೆ ಸುಣ್ಣ ಹೊಡೆದ ಗೋಡೆ ಥರ, ಹೊಡೆದಿದ್ದೇನೋ ಹೌದು, ಒಳಗಿನ ಕಲೆ ಕಾಣ್ತಾನೇ ಇದೆ.

ಎಸ್‌ಪಿಎಫ್ 100ರ ವಿಷಯ. ಸರಿಯಾಗಿ ಹಚ್ಚಿದಾಗ ಎಸ್‌ಪಿಎಫ್ 15 ಇರೋದು ಬಿಸಿಲಿನ ಯುವಿಬಿ ಅನ್ನೋ ಸುಡೋ ಕಿರಣಗಳಲ್ಲಿ ಸುಮಾರು 93 ಪರ್ಸೆಂಟ್ ತಡೆಯುತ್ತೆ, 30 ಇರೋದು 97, 50 ಇರೋದು 98, 100 ಇರೋದು 99. ನೋಡಿದ್ರಲ್ಲ, ಮೇಲೆ ಹೋದಷ್ಟೂ ಲಾಭ ಚೂರು ಚೂರೇ. ಕಡಿಮೆ ಹಚ್ಚೋ ಅಭ್ಯಾಸ ಇರೋರಿಗೆ ದೊಡ್ಡ ನಂಬರಿಂದ ಒಂಚೂರು ಸಹಾಯ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಂಬರ್ 100 ಇದೆ ಅಂತ ಬೆಳಗ್ಗೆ ಒಂದ್ಸಲ ಹಚ್ಚಿ ಸಂಜೆವರೆಗೂ ಓಡಾಡಿದ್ರೆ ಮತ್ತೆ ಅದೇ ಕಥೆ. 50 ಸಾಕು, ಧಾರಾಳವಾಗಿ ಹಚ್ಚಿ.

ಇನ್ನೊಂದು, ಎಸ್‌ಪಿಎಫ್ ಹೇಳೋದು ಮುಖ್ಯವಾಗಿ ಯುವಿಬಿ ಬಗ್ಗೆ, ಅಂದ್ರೆ ಚರ್ಮ ಸುಟ್ಟು ಉರಿ ಬರಿಸೋ ಕಿರಣ. ಬಿಸಿಲಲ್ಲಿ ನಿಂತ ಕೂಡ್ಲೇ ಕಪ್ಪಾಗೋದು, ವರ್ಷಗಳು ಕಳೆದ ಮೇಲೆ ಸುಕ್ಕು ಬರೋದು, ಇದರಲ್ಲೆಲ್ಲ ಯುವಿಎ ಅನ್ನೋ ಇನ್ನೊಂದು ಥರದ ಕಿರಣದ ಕೈವಾಡ ಜಾಸ್ತಿ, ಅದು ಚರ್ಮದಲ್ಲಿ ಇನ್ನೂ ಆಳಕ್ಕೆ ಇಳಿಯುತ್ತೆ. ಅದಕ್ಕೆ ಬೇರೆ ಗುರುತು ನೋಡ್ಬೇಕು. ಜಪಾನಿನವರು ಶುರು ಮಾಡಿದ ಪಿಎ ಅನ್ನೋ ಪದ್ಧತಿ ಇದೆ, ಪ್ಲಸ್ ಜಾಸ್ತಿ ಇದ್ದಷ್ಟೂ ಒಳ್ಳೇದು, ಸದ್ಯಕ್ಕೆ ಅದರಲ್ಲಿ ಎಲ್ಲಕ್ಕಿಂತ ಮೇಲಿರೋದು ಪಿಎ++++. ಯುರೋಪಿನ ಡಬ್ಬಗಳಲ್ಲಿ ಒಂದು ಸಣ್ಣ ವೃತ್ತದೊಳಗೆ ಯುವಿಎ ಅಂತ ಇರುತ್ತೆ, ಅಂದ್ರೆ ಯುವಿಎ ರಕ್ಷಣೆ ಎಸ್‌ಪಿಎಫ್‌ನ ಕನಿಷ್ಠ ಮೂರನೇ ಒಂದು ಭಾಗ ಇದೆ ಅಂತ ಅರ್ಥ. ಇವೆರಡೂ ಇಲ್ದಿದ್ರೆ ಬ್ರಾಡ್ ಸ್ಪೆಕ್ಟ್ರಮ್, ಅಂದ್ರೆ ಯುವಿಎ ಯುವಿಬಿ ಎರಡನ್ನೂ ತಡೆಯುತ್ತೆ ಅನ್ನೋದಾದ್ರೂ ಇರ್ಲಿ. ಅದೂ ಇಲ್ದೆ ಬರೀ ಎಸ್‌ಪಿಎಫ್ ನಂಬರ್ ದಪ್ಪಗೆ ಅಚ್ಚು ಹಾಕಿರೋದನ್ನ ಅಲ್ಲೇ ಬಿಟ್ಬಿಡಿ.

ಬೆವರಿಗೆ ಅಂತ ವಾಟರ್ ರೆಸಿಸ್ಟೆಂಟ್ ಇರೋದು ತಗೊಳ್ಳಿ, ಕೆಲವದರ ಮೇಲೆ 40 ನಿಮಿಷ ಇಲ್ಲಾ 80 ನಿಮಿಷ ಅಂತ ಬರ್ದಿರ್ತಾರೆ, 80 ಇರೋದೇ ಇರ್ಲಿ. ಸ್ವೆಟ್‌ಪ್ರೂಫ್, ವಾಟರ್‌ಪ್ರೂಫ್ ಅನ್ನೋ ಮಾತು ನಂಬ್ಬೇಡಿ, ಪೂರ್ತಿ ಬೆವರು ತಡ್ಕೊಳ್ಳೋ ಸನ್‌ಸ್ಕ್ರೀನ್ ಅಂತ ಯಾವುದೂ ಇಲ್ಲ. ಅಮೆರಿಕದಲ್ಲಂತೂ 2011ರಲ್ಲಿ ಬಂದ ನಿಯಮದಿಂದ ಈ ಪದಗಳನ್ನ ಲೇಬಲ್ ಮೇಲೆ ಹಾಕೋ ಹಾಗೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಅಭಿಪ್ರಾಯ ಹೇಳ್ತೀನಿ ಕೇಳಿ, ಮುಂಗೈಗೆ ಸನ್‌ಸ್ಕ್ರೀನ್ ಹಚ್ಚೋ ಪರಿಸ್ಥಿತಿನೇ ಬರಬಾರದು. ರೈಡಿಂಗ್ ಜಾಕೆಟ್, ಫುಲ್ ಗ್ಲೌಸ್, ಕುತ್ತಿಗೆಗೆ ಕೊಳವೆ ಥರ ಏರಿಸ್ಕೊಳ್ಳೋ ಬಟ್ಟೆ ಅಂದ್ರೆ ನೆಕ್ ಗೇಟರ್, ಇವಿಷ್ಟು ಹೇಗಿದ್ರೂ ಬಿದ್ದಾಗ ಚರ್ಮ ಉಳಿಸೋಕೆ ಬೇಕೇ ಬೇಕು, ಬಿಸಿಲನ್ನೂ ತಡೆಯುತ್ತೆ. ಬಟ್ಟೆ ಬೆವರಿಗೆ ಕರಗಲ್ಲ, ಎರಡು ಗಂಟೆಗೊಂದ್ಸಲ ಮತ್ತೆ ಹಾಕ್ಕೋಬೇಕಾಗೂ ಇಲ್ಲ. ಆಗ ಹಚ್ಚೋಕೆ ಉಳಿಯೋದು ಮುಖ, ಕಿವಿ, ಕುತ್ತಿಗೆ ಅಷ್ಟೇ, ದಿನಕ್ಕೆ 6 ಗ್ರಾಂನಲ್ಲಿ ಆಗೋಗುತ್ತೆ, ನಿಮ್ಮ ಅದೇ ಟ್ಯೂಬು ಎಂಟು ರೈಡ್ ಬರುತ್ತೆ. ಆದ್ರೆ ತೆಳ್ಳಗಿರೋ ಬಿಳಿ ಕಾಟನ್ ಟೀಶರ್ಟ್‌ನ ನಂಬ್ಕೊಂಡು ಕೂರ್ಬೇಡಿ, ಅದು ತಡೆಯೋದು ಕಮ್ಮಿ, ಬೆವರಿಗೆ ಒದ್ದೆಯಾದ್ರೆ ಇನ್ನೂ ಕಮ್ಮಿ.

ಹೊರಡೋಕೆ ಮುಂಚೆ ಒಂದು ಕೆಲಸ ಮಾಡಿ. ಗೇರ್ ಎಲ್ಲ ಹಾಕ್ಕೊಂಡು, ಹೆಲ್ಮೆಟ್ ಸಮೇತ, ಬೈಕ್ ಮೇಲೆ ಕೂತು ಹ್ಯಾಂಡಲ್ ಹಿಡ್ಕೊಳ್ಳಿ, ಆಮೇಲೆ ಮನೇಲಿ ಯಾರಿಗಾದ್ರೂ ಎಲ್ಲೆಲ್ಲಿ ಚರ್ಮ ಕಾಣ್ತಿದೆ ನೋಡಿ ಅಂತ ಹೇಳಿ. ನಿಂತಾಗ ಮುಚ್ಚಿರೋ ಮಣಿಕಟ್ಟು ಕೈ ಚಾಚಿದ ಕೂಡ್ಲೇ ಹೊರಗೆ ಬಂದಿರುತ್ತೆ, ಜಾಕೆಟ್ಟಿನ ತೋಳು ಹಿಂದಕ್ಕೆ ಎಳ್ಕೊಂಡು ಗ್ಲೌಸ್‌ಗೂ ಜಾಕೆಟ್‌ಗೂ ಮಧ್ಯೆ ಎರಡು ಬೆರಳು ಅಗಲ ಜಾಗ ಖಾಲಿ. ಮುಂದಕ್ಕೆ ಬಾಗಿದಾಗ ಹೆಲ್ಮೆಟ್ಟಿನ ಹಿಂದಿನ ಅಂಚಿಗೂ ಕಾಲರಿಗೂ ಮಧ್ಯೆ ಕುತ್ತಿಗೆ ತೆರ್ಕೊಳ್ಳುತ್ತೆ, ಮಧ್ಯಾಹ್ನದ ಬಿಸಿಲು ಬೀಳೋದು ನೆಟ್ಟಗೆ ಅಲ್ಲಿಗೇ. ಕನ್ನಡಿ ಮುಂದೆ ನಿಂತು ಹಚ್ಕೊಂಡ್ರೆ ಈ ಎರಡು ಜಾಗ ಯಾವತ್ತೂ ಗೊತ್ತಾಗಲ್ಲ. ನಿಮಗೆ ಉರಿ ಬರ್ತಿರೋದೂ ಇಲ್ಲೇ ಅನ್ಸುತ್ತೆ.

ಓಡ್ತಿರೋವಾಗ ಗಾಳಿ ಹೊಡೀತಾ ಇರೋದ್ರಿಂದ ಬಿಸಿಲು ಜೋರಾಗಿದೆ ಅಂತನೇ ಅನ್ಸಲ್ಲ, ಚರ್ಮ ತಣ್ಣಗಿರುತ್ತೆ, ಆದ್ರೆ ಗಾಳಿ ಯುವಿಯನ್ನ ತಡೆಯಲ್ಲ. ಹಾಗಾಗಿ ಬಿಸಿ ಅನ್ಸಿದಾಗ ಹಚ್ತೀನಿ ಅನ್ನೋ ಲೆಕ್ಕ ನಡೆಯಲ್ಲ, ಪೆಟ್ರೋಲ್ ಹಾಕ್ಸೋಕೆ ನಿಲ್ಸಿದಾಗಲೆಲ್ಲ ಟ್ಯೂಬ್ ತೆಗೀರಿ. ಧೂಳು, ಬೆವರಿನ ಮೇಲೇ ಮೆತ್ತಬೇಡಿ, ಒದ್ದೆ ಬಟ್ಟೇಲಿ ಒತ್ತಿ ಒರೆಸಿ, ಆರಿದ ಮೇಲೆ ಹಚ್ಚಿ.

ಪ್ರಶ್ನೆ: ಹೆಲ್ಮೆಟ್ ಒಳಗೆ ಬೆವರು ಬಂದು ಸನ್‌ಸ್ಕ್ರೀನ್ ಕಣ್ಣಿಗೆ ಇಳಿಯುತ್ತೆ ಸಾರ್, ಉರಿಗೆ ಕಣ್ಣೇ ಬಿಡೋಕಾಗಲ್ಲ, ಒಂದ್ಸಲ ಟ್ರಾಫಿಕ್ ಮಧ್ಯೆನೇ ಹಿಂಗಾಗಿ ಹೆದರ್ಕೊಂಡೆ. ಈಗ ಮುಖಕ್ಕೆ ಹಚ್ಚೋದೇ ಬಿಟ್ಟಿದೀನಿ.

ಉತ್ತರ: ಬಿಡ್ಬೇಡಿ, ಬದಲಾಯ್ಸಿ. ಕಣ್ಣುರಿ ಬರೋದು ಹೆಚ್ಚಾಗಿ ಏವೊಬೆಂಜೋನ್ ಥರದ, ಯುವಿಯನ್ನ ಹೀರ್ಕೊಳ್ಳೋ ಕೆಮಿಕಲ್ ಫಿಲ್ಟರ್‌ಗಳಿಂದ, ಜೊತೆಗೆ ಆಲ್ಕೋಹಾಲ್ ಇರೋ ತೆಳು ಜೆಲ್‌ಗಳಿಂದ. ಜಿಂಕ್ ಆಕ್ಸೈಡ್ ಅನ್ನೋ ಬಿಳಿ ಖನಿಜದ ಪುಡಿ ಇರೋದು ಸಾಮಾನ್ಯವಾಗಿ ಕಣ್ಣಿಗೆ ಅಷ್ಟು ತೊಂದರೆ ಕೊಡಲ್ಲ, ಅದರಲ್ಲೂ ಸ್ಟಿಕ್ ರೂಪದಲ್ಲಿ ಬರೋದು ಮೇಣದ ಥರ ಇರೋದ್ರಿಂದ ಬೇಗ ಹರಿಯಲ್ಲ. ಹಣೆಗೆ, ಕಣ್ಣಿನ ಸುತ್ತ ಸ್ಟಿಕ್ ಹಚ್ಚಿ, ಕೆನ್ನೆ, ಮೂಗು, ಕುತ್ತಿಗೆಗೆ ನಿಮ್ಮ ಮಾಮೂಲಿ ಕ್ರೀಮೇ ಇರ್ಲಿ. ಹೆಲ್ಮೆಟ್ಟಿನ ಪ್ಯಾಡ್ ಕೂರೋ ಜಾಗದಲ್ಲಿ ಬಿಸಿಲೇ ಬೀಳಲ್ಲ, ಅಲ್ಲಿಗೆ ಹಚ್ಚಿ ಪ್ಯಾಡ್ ಗಲೀಜು ಮಾಡ್ಕೋಬೇಡಿ. ಹೆಲ್ಮೆಟ್ ಒಳಗೆ ತೆಳ್ಳಗಿನ ಸ್ಕಲ್ ಕ್ಯಾಪ್ ಇಲ್ಲಾ ಸ್ವೆಟ್ ಬ್ಯಾಂಡ್ ಹಾಕಿದ್ರೆ ಬೆವರು ಅಲ್ಲೇ ಹೀರ್ಕೊಳ್ಳುತ್ತೆ, ಅರ್ಧ ಸಮಸ್ಯೆ ಅಷ್ಟಕ್ಕೇ ಹೋಗುತ್ತೆ.

ಹಚ್ಚಿದ ತಕ್ಷಣ ಹೆಲ್ಮೆಟ್ ಏರಿಸ್ಬೇಡಿ, ಒಂದು ಹದಿನೈದು ನಿಮಿಷ ಬಿಡಿ, ಪದರ ಕೂರ್ಲಿ. ಎಷ್ಟೋ ಜನ ಹಚ್ಕೊಂಡು ಹಂಗೇ ಹೆಲ್ಮೆಟ್ ತುರುಕ್ತಾರೆ, ಅರ್ಧ ಕ್ರೀಮು ಒಳಗಿನ ಬಟ್ಟೆಗೇ ಅಂಟಿರುತ್ತೆ. ಇನ್ನು ವೈಸರ್ ವಿಷಯ. ಹೆಚ್ಚಿನ ವೈಸರ್‌ಗಳು ಪಾಲಿಕಾರ್ಬೊನೇಟ್‌ನವು, ಕ್ಲಿಯರ್ ಇದ್ರೂ ಯುವಿಯನ್ನ ಬಹುಪಾಲು ಅದೇ ತಡೆಯುತ್ತೆ, ಕಪ್ಪಗಿರ್ಲೇಬೇಕು ಅಂತಿಲ್ಲ. ಆದ್ರೆ ಸೆಖೆ ಅಂತ ಮೇಲೆತ್ತಿಕೊಂಡೇ ಓಡಿಸೋರಿಗೆ ಅದರ ಉಪಯೋಗ ಏನಿದೆ ಹೇಳಿ! ಮತ್ತೆ ಕ್ರೀಮ್ ಕೈಯಲ್ಲಿ ವೈಸರ್ ಮುಟ್ಟಬೇಡಿ, ಎಣ್ಣೆ ಕಲೆ ಕೂತ್ರೆ ಎದುರು ಬೆಳಕಿಗೆ ದಾರಿನೇ ಕಾಣಲ್ಲ.

ಇಷ್ಟಾದ ಮೇಲೂ ಕಣ್ಣಿಗೆ ಇಳಿದ್ರೆ ಗ್ಲೌಸ್ ಕೈಯಲ್ಲಿ ಉಜ್ಜೋದು ಬೇಡ. ಗಾಡಿ ಸೈಡಿಗೆ ಹಾಕಿ, ಬರೀ ನೀರಲ್ಲಿ ಚೆನ್ನಾಗಿ ತೊಳ್ಕೊಂಡು, ಉರಿ ಇಳಿದ ಮೇಲೆ ಹೊರಡಿ.

ಪ್ರಶ್ನೆ: ನಾನು ಸೈಕಲ್ ಹೊಡೆಯೋಳು ಸಾರ್, ಜಾಕೆಟ್ ಎಲ್ಲ ಆಗಲ್ಲ. ನನ್ನದು ಗಾಢ ಬಣ್ಣ, ಜಿಂಕ್ ಇರೋದು ಹಚ್ಚಿದ್ರೆ ಬೂದಿ ಬಳ್ಕೊಂಡಂಗೆ ಕಾಣ್ತೀನಿ. ಕಪ್ಪಗಿರೋರಿಗೆ ಸನ್‌ಸ್ಕ್ರೀನ್ ಬೇಕಾ ಅಂತ ಮನೇಲಿ ನಗ್ತಾರೆ. ಸ್ಪ್ರೇ ಆಗುತ್ತಾ? ಇನ್ನೊಂದು, ಬಿಳಿ ಜೆರ್ಸಿ ಕಾಲರ್ ಎಲ್ಲ ತುಕ್ಕು ಬಣ್ಣಕ್ಕೆ ತಿರುಗಿದೆ, ಒಗೆದಷ್ಟೂ ಹೋಗ್ತಿಲ್ಲ.

ಉತ್ತರ: ನಗೋರು ನಗ್ಲಿ ಬಿಡಿ. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಜಾಸ್ತಿ ಇದ್ರೆ ಸುಡೋದು ತಡ ಆಗುತ್ತೆ ನಿಜ, ಪೂರ್ತಿ ಕಾಪಾಡಲ್ಲ. ಗಾಢ ಬಣ್ಣದವರಿಗೆ ಹೆಚ್ಚು ಕಾಡೋದು ಉರಿಗಿಂತ ಕಲೆಗಳು, ಬಂಗು, ಮೊಡವೆ ಹೋದ ಜಾಗ ಕಪ್ಪಾಗಿ ಉಳಿಯೋದು. ಇದಕ್ಕೆ ಯುವಿ ಜೊತೆ ಕಣ್ಣಿಗೆ ಕಾಣೋ ಮಾಮೂಲಿ ಬೆಳಕೂ ಕಾರಣ ಆಗುತ್ತೆ, ಅದನ್ನ ಸಾದಾ ಸನ್‌ಸ್ಕ್ರೀನ್‌ಗಳು ಅಷ್ಟಾಗಿ ತಡೆಯಲ್ಲ. ಐರನ್ ಆಕ್ಸೈಡ್ ಸೇರಿಸಿರೋ ಟಿಂಟೆಡ್ ಸನ್‌ಸ್ಕ್ರೀನ್ ನೋಡಿ, ಚರ್ಮದ ಬಣ್ಣಕ್ಕೆ ಹೊಂದೋದ್ರಿಂದ ಬೂದಿ ಬಳ್ದಂಗೂ ಕಾಣಲ್ಲ, ಆ ಬೆಳಕನ್ನೂ ಸ್ವಲ್ಪ ತಡೆಯುತ್ತೆ. ಒಂದೇ ಏಟಿಗೆ ಎರಡೂ ಆಯ್ತು. ಅದು ಮುಖಕ್ಕೆ. ಕೈಕಾಲಿಗೆ ಟಿನೊಸಾರ್ಬ್ ಥರದ ಹೊಸ ಫಿಲ್ಟರ್ ಇರೋ ಲೋಷನ್ ಸಿಕ್ಕಿದ್ರೆ ಚೆನ್ನಾಗಿರುತ್ತೆ, ಬೆಳಕಿಗೆ ಬೇಗ ಹಾಳಾಗಲ್ಲ, ಬಿಳಿನೂ ಕಾಣಲ್ಲ.

ಸೈಕಲ್‌ನವರು ಮರೆಯೋ ಜಾಗ ಮೀನಖಂಡದ ಹಿಂಭಾಗ, ಮತ್ತೆ ಮಂಡಿಯಿಂದ ಮೇಲೆ ತೊಡೆ, ಪೆಡಲ್ ಮಾಡೋವಾಗ ಅದು ಆಕಾಶಕ್ಕೇ ಮುಖ ಮಾಡಿರುತ್ತೆ. ತಲೆ ಕೂದಲು ತೆಳ್ಳಗಿರೋರು ಹೆಲ್ಮೆಟ್ ತೂತುಗಳ ಕೆಳಗೆ ಪಟ್ಟೆ ಪಟ್ಟೆ ಸುಟ್ಕೊಳ್ಳೋದೂ ಇದೆ, ತೆಳು ಟೋಪಿ ಹಾಕಿದ್ರೆ ಮುಗೀತು. ಜಾಕೆಟ್ ಆಗಲ್ಲ ಅಂದ್ರಿ, ಆರ್ಮ್ ಸ್ಲೀವ್ಸ್ ಆಗುತ್ತಲ್ಲ, ಯುಪಿಎಫ್ 50 (ಬಟ್ಟೆ ಎಷ್ಟು ಯುವಿ ತಡೆಯುತ್ತೆ ಅನ್ನೋ ಅಳತೆ) ಅಂತ ಇರೋದು ತಗೊಂಡ್ರೆ ಯುವಿಯಲ್ಲಿ 50ರಲ್ಲಿ ಒಂದು ಭಾಗ ಮಾತ್ರ ಒಳಗೆ ಬರುತ್ತೆ.

ಸ್ಪ್ರೇ ನನಗಂತೂ ಇಷ್ಟ ಇಲ್ಲ. ಬಯಲಲ್ಲಿ ಗಾಳಿಗೆ ಅರ್ಧ ಹಾರೋಗುತ್ತೆ, ಚರ್ಮದ ಮೇಲೆ ಎಷ್ಟು ಬಿತ್ತು ಅಂತ ಗೊತ್ತಾಗಲ್ಲ, ಮುಖಕ್ಕೆ ನೇರ ಹೊಡ್ಕೊಂಡ್ರೆ ಉಸಿರಿಗೆ ಹೋಗುತ್ತೆ. ಇರೋದನ್ನ ಖಾಲಿ ಮಾಡ್ಲೇಬೇಕು ಅಂದ್ರೆ ಅಂಗೈಗೆ ಹೊಡ್ಕೊಂಡು ಉಜ್ಜಿ.

ಜೆರ್ಸಿ ಕಲೆ ಏವೊಬೆಂಜೋನ್ ಕೆಲಸ ಇರ್ಬೇಕು. ಒಗೆಯೋ ನೀರಲ್ಲಿ ಕಬ್ಬಿಣದ ಅಂಶ ಇದ್ರೆ ಅದರ ಜೊತೆ ಸೇರಿ ತುಕ್ಕಿನ ಬಣ್ಣ ಕಟ್ಟುತ್ತೆ. ಕಲೆ ಅಂತ ಬ್ಲೀಚ್ ಹಾಕ್ಬೇಡಿ, ಇನ್ನೂ ಗಟ್ಟಿಯಾಗುತ್ತೆ. ತುಕ್ಕು ಕಲೆ ತೆಗೆಯೋಕೆ ಅಂತ ಇರೋ ದ್ರಾವಣ ಇಲ್ಲಾ ನಿಂಬೆರಸ ಹಚ್ಚಿ ನೋಡಿ, ನಿಂಬೆರಸ ಹಾಕಿದ್ರೆ ಪೂರ್ತಿ ತೊಳೆದ ಮೇಲೆನೇ ಬಿಸಿಲಿಗೆ ಹೋಗಿ, ಚರ್ಮದ ಮೇಲೆ ಉಳಿದ ನಿಂಬೆರಸಕ್ಕೆ ಬಿಸಿಲು ಬಿದ್ರೆ ಬೊಬ್ಬೆ ಏಳಬಹುದು.

ಪ್ರಶ್ನೆ: ಮೋಡ ಇದ್ದಾಗ, ಬೆಟ್ಟದ ಕಡೆ ತಂಪಾಗಿರೋವಾಗ ಹಚ್ಚೋದು ಬೇಡ ಅಲ್ವಾ?

ಉತ್ತರ: ಬೇಕು. ತೆಳು ಮೋಡ ಇದ್ರೆ ಯುವಿಯಲ್ಲಿ 80 ಪರ್ಸೆಂಟ್‌ವರೆಗೂ ಮೋಡ ದಾಟಿ ಕೆಳಗೆ ಬರಬಹುದು. ಎತ್ತರಕ್ಕೆ ಹೋದಂತೆ ಪ್ರತಿ 1000 ಮೀಟರಿಗೆ ಯುವಿ ಸುಮಾರು 10 ಪರ್ಸೆಂಟ್ ಏರುತ್ತೆ, ಹಿಮ ಇದ್ರಂತೂ ಕೆಳಗಿಂದನೂ ವಾಪಸ್ ಹೊಡೆಯುತ್ತೆ, ಗದ್ದದ ಕೆಳಗೆ, ಮೂಗಿನ ಅಡಿಗೆ ಎಲ್ಲ ಹಚ್ಬೇಕು. ಫೋನಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್, ಅಂದ್ರೆ ಯುವಿ ಎಷ್ಟು ಜೋರಿದೆ ಅನ್ನೋ ನಂಬರ್ ನೋಡಿ, 3 ಮುಟ್ಟಿದ್ರೆ ಹಚ್ಚಿ, 8 ಮುಟ್ಟಿದ್ರೆ ಮಧ್ಯಾಹ್ನದ ಹೊತ್ತು ನೆರಳಲ್ಲಿ ಕಳೆಯೋ ಥರ ರೈಡ್ ಪ್ಲಾನ್ ಮಾಡಿ.

ಪ್ರಶ್ನೆ: ನನ್ನ ಮಗನಿಗೆ ಮೊಡವೆಗೆ ಅಂತ ಡಾಕ್ಟ್ರು ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದಾರೆ. ಒಂದು ದಿನ ಬೈಕಲ್ಲಿ ಹೋಗಿ ಬಂದಿದ್ದಕ್ಕೆ ಕೈ ಪೂರ್ತಿ ಕೆಂಪಾಗಿ ಊದ್ಕೊಂಡಿದೆ. ಮೊದಲೆಲ್ಲ ಹಿಂಗಾಗ್ತಿರಲಿಲ್ಲ.

ಉತ್ತರ: ಆ ಮಾತ್ರೆ ಚರ್ಮಕ್ಕೆ ಬಿಸಿಲು ತಡೆಯದ ಹಾಗೆ ಮಾಡುತ್ತೆ ಅಮ್ಮ, ಇದು ಗೊತ್ತಿರೋ ಸೈಡ್ ಎಫೆಕ್ಟ್. ನೀವಾಗೇ ನಿಲ್ಲಿಸ್ಬೇಡಿ, ಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಕೈ ತೋರ್ಸಿ. ಕೋರ್ಸ್ ಮುಗಿಯೋವರೆಗೂ ಲಾಂಗ್ ರೈಡ್ ಬೇಡ ಅನ್ನಿ, ಹೋಗ್ಲೇಬೇಕು ಅಂದ್ರೆ ತುಂಬು ತೋಳು, ಗ್ಲೌಸ್ ಹಾಕ್ಕೊಂಡೇ ಹೋಗ್ಲಿ, ಬರೀ ಕ್ರೀಮ್ ನಂಬ್ಕೊಂಡು ಅಲ್ಲ.

ಪ್ರಶ್ನೆ: ಹೋದ ವರ್ಷದ್ದು ಅರ್ಧ ಡಬ್ಬ ಬೈಕಿನ ಬಾಕ್ಸ್‌ನಲ್ಲೇ ಇದೆ, ಎಕ್ಸ್‌ಪೈರಿ ಡೇಟ್ ಇನ್ನೂ ಇದೆ. ಹಚ್ಚಬಹುದಾ?

ಉತ್ತರ: ಡೇಟ್ ಲೆಕ್ಕ ಡಬ್ಬವನ್ನ ತಣ್ಣಗೆ ಇಟ್ಟೋರಿಗೆ. ಒಂದು ವರ್ಷ ಬಿಸಿಲಲ್ಲಿ ನಿಂತ ಗಾಡಿಯ ಬಾಕ್ಸ್‌ನಲ್ಲಿ ಬೆಂದಿರೋದನ್ನ ಬಿಸಾಕಿ, ಹೊಸದು ತಗೊಳ್ಳಿ. ದಾರೀಲಿ ಒಯ್ಯೋವಾಗ ಬಟ್ಟೆ ಸುತ್ತಿ ಬ್ಯಾಗಿನ ಒಳಗಡೆ ಇಡಿ, ಎಂಜಿನ್ ಪಕ್ಕದ ಜೇಬಲ್ಲಿ ಬೇಡ. ಅಂಗೈಗೆ ಹಿಂಡಿದಾಗ ನೀರು ಬೇರೆ ಎಣ್ಣೆ ಬೇರೆ ಆಗಿ ಬಂದ್ರೆ, ವಾಸನೆ ಬದಲಾಗಿದ್ರೆ, ಡೇಟ್ ಏನೇ ಇರ್ಲಿ ಮುಖಕ್ಕೆ ಹಚ್ಬೇಡಿ.