ಹೆಸರನ್ನು ಮೊದಲೇ ಹೇಳಿಬಿಡಬೇಡಿ

ನಮಸ್ಕಾರ. ಇಗ್ವಾನೊಡಾನ್ ಅನ್ನುವ ಡೈನೋಸಾರ್‌ಗೆ ಹೆಸರು ಬಂದ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆಯಿರಿ. ಭೂಮಿ ಹುಟ್ಟಿದ್ದು, ಉಲ್ಕೆ ಬಿದ್ದಿದ್ದು ಎಲ್ಲವನ್ನೂ ಓದುಗರು ಬೇರೆ ಕಡೆ ಓದಿರುತ್ತಾರೆ. ನಿಮ್ಮ ಕತೆ ಶುರುವಾಗುವುದೇ ಮೂರನೇ ಪುಟದಲ್ಲಿ, ಇಂಗ್ಲೆಂಡಿನ ಸಸೆಕ್ಸ್‌ನ ಡಾಕ್ಟರ್ ಗಿಡಿಯನ್ ಮ್ಯಾಂಟೆಲ್ ಕೈಗೆ ಕಲ್ಲಾಗಿದ್ದ ಆ ಹಳೇ ಹಲ್ಲು ಬಂದಾಗ. ಅಲ್ಲಿ ಅವರ ಬಾಯಲ್ಲಿ ‘ಇದು ಡೈನೋಸಾರ್ ಹಲ್ಲು!’ ಅಂತ ಹೇಳಿಸಿದ್ದೀರಿ. ಅದು 1822ರ ಸುಮಾರಿನ ಮಾತು. ಪ್ರಾಣಿವಿಜ್ಞಾನಿ ರಿಚರ್ಡ್ ಓವೆನ್ ‘ಡೈನೋಸಾರ್’ ಅನ್ನುವ ಪದ ಕಟ್ಟಿದ್ದು 1842ರಲ್ಲಿ. ಇಸವಿಯ ತಪ್ಪು ಅಂತ ಸುಮ್ನೆ ತಿದ್ದಿಬಿಡಬಹುದಿತ್ತು, ಆದರೆ ಇಂಥ ಪ್ರಾಣಿಗಳಿಗೆ ಆಗ ಒಂದು ಪದವೂ ಇರಲಿಲ್ಲ ಅನ್ನುವುದರಲ್ಲೇ ಕತೆಯ ಜೀವ ಇದೆ, ಅಲ್ವಾ?

ಆ ಹಲ್ಲನ್ನು ಸ್ವಲ್ಪ ಹೊತ್ತು ನೋಡಿ. ತುದಿ ಚಪ್ಪಟೆಯಾಗಿದೆ, ಸೊಪ್ಪುಸದೆ ಅರೆದು ಅರೆದು ಸವೆದದ್ದು. ಬಂಡೆ ನೋಡಿದರೆ ಸರೀಸೃಪಗಳ ಕಾಲದ್ದು. ಆಗ ಗೊತ್ತಿದ್ದ ಯಾವ ಸರೀಸೃಪವೂ ಹೀಗೆ ಮೇವು ಅರೆದು ತಿನ್ನುವುದಲ್ಲ. 1823ರಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಅದನ್ನು ಪ್ಯಾರಿಸ್‌ಗೆ ಒಯ್ದು ಪ್ರಾಣಿವಿಜ್ಞಾನಿ ಕುವಿಯೇಗೆ ತೋರಿಸಿದರೆ, ಅಂಥ ದೊಡ್ಡ ವಿದ್ವಾಂಸರೇ ಘೇಂಡಾಮೃಗದ್ದು ಅಂದರು, ಮರುವರ್ಷ ತಪ್ಪು ಒಪ್ಪಿಕೊಂಡರು. ಆಮೇಲೆ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂನಲ್ಲಿ ಅಲ್ಲಿನ ಸ್ಯಾಮ್ಯುಯೆಲ್ ಸ್ಟಚ್‌ಬರಿ ಮ್ಯಾಂಟೆಲ್‌ಗೆ ಇಗ್ವಾನಾ ಅನ್ನುವ, ಓತಿಕ್ಯಾತದಂಥ ಪ್ರಾಣಿ ತೋರಿಸಿದರು. ಅದೇ ಥರದ ಹಲ್ಲು, ಆದರೆ ತೀರಾ ಸಣ್ಣದು! ಹಾಗಾಗಿ 1825ರಲ್ಲಿ ಇಗ್ವಾನೊಡಾನ್, ಅಂದರೆ ಇಗ್ವಾನಾ ಹಲ್ಲು. ಇಷ್ಟನ್ನೂ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಇಲ್ಲಿ ಎರಡು ಪುಟ ಬೇಕು.

ಇನ್ನೊಂದು. ಮ್ಯಾಂಟೆಲ್ ರೋಗಿಯನ್ನು ನೋಡಲು ಹೋಗಿದ್ದಾಗ ಹೆಂಡತಿ ಮೇರಿ ಆನ್‌ಗೆ ರಸ್ತೆ ಬದಿಯಲ್ಲಿ ಹಲ್ಲು ಸಿಕ್ಕಿತು ಅಂತ ಖಡಾಖಂಡಿತ ಬರೆದಿದ್ದೀರಿ. ಚೆಂದದ ಕತೆಯೇ. ಆದರೆ ಮೊದಲು ಹೆಂಡತಿಗೆ ಸಿಕ್ಕಿತು ಅಂದಿದ್ದ ಮ್ಯಾಂಟೆಲ್ ಮುಂದೆ ತಮಗೇ ಸಿಕ್ಕಿತು ಅಂದರು. ಎರಡೂ ಮಾತು ಬರಲಿ, ಓದುಗರಿಗೆ ಬಿಡಿ.

ಇಗ್ವಾನೊಡಾನ್‌ನ ಮೂಗಿನ ಮೇಲಿನ ಕೊಂಬು ಅಂದುಕೊಂಡಿದ್ದ ಎಲುಬು ಹೆಬ್ಬೆರಳಿನದು ಅಂತ ಖಚಿತವಾಗಿದ್ದು, 1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ ಇಡೀ ಅಸ್ಥಿಪಂಜರಗಳು ಸಿಕ್ಕ ಮೇಲೆ. ಇದನ್ನು ಬಹಳ ಚೆನ್ನಾಗಿ ಬರೆದಿದ್ದೀರಿ, ಒಂದಕ್ಷರ ಮುಟ್ಟಬೇಡಿ. ಅದರ ಕೆಳಗೆ ವಿಜ್ಞಾನವನ್ನು ಹೊಗಳುವ ಪ್ಯಾರಾ ಮಾತ್ರ ಬೇಡ, ಹೆಬ್ಬೆರಳಿಗೇ ನಿಲ್ಲಿಸಿ. ತಿದ್ದಿ ನನಗೇ ಕಳಿಸಿ, ಕಾಯುತ್ತಿರುತ್ತೇನೆ.